ಪೆಟ್ರೋಲ್ ಪೋಲೋದ ಲೋವರಿಂಗ್ ಸ್ಪ್ರಿಂಗು ಡೀಸೆಲ್ ಪೋಲೋಗೆ ಆಗುತ್ತಾ?

ಪ್ರಶ್ನೆ: ಸರ್, ನಂದು 2016ರ ಫೋಕ್ಸ್‌ವ್ಯಾಗನ್ ಪೋಲೋ 1.5 ಟಿಡಿಐ, ಡೀಸೆಲ್ಲು, ಊರು ದಾವಣಗೆರೆ. ನನ್ನ ಸ್ನೇಹಿತರೊಬ್ರು ಅವ್ರ 1.2 ಪೆಟ್ರೋಲ್ ಪೋಲೋಗೆ ಹಾಕ್ಸಿದ್ದ 30 ಎಂಎಂ ಲೋವರಿಂಗ್ ಸ್ಪ್ರಿಂಗ್ (ಕಾರನ್ನ ಅಷ್ಟು ತಗ್ಗಿಸೋ ಸ್ಪ್ರಿಂಗ್) ಬಿಚ್ಸಿ ಅರ್ಧ ರೇಟಿಗೆ ಕೊಡ್ತೀನಿ ಅಂತಿದಾರೆ. ಎರಡೂ ಪೋಲೋನೇ ಅಲ್ವಾ, ಸೀದಾ ಕೂರುತ್ತೆ ಅಂತ ಅವ್ರ ಮಾತು. ನಮ್ಮ ಚಿಕ್ಕಪ್ಪನ ಮಗನ ಹತ್ರ 2021ರ 1.0 ಟಿಎಸ್‌ಐ ಪೆಟ್ರೋಲ್ ಪೋಲೋ ಇದೆ, ಅವ್ನೂ ಕಾರು ಇಳಿಸ್ಬೇಕು ಅಂತಿದಾನೆ. ಯಾರು ಯಾವ ಸ್ಪ್ರಿಂಗ್ ತಗೋಬೇಕು?

ಉತ್ತರ: ಕೂರುತ್ತೆ ಸರ್, ನಿಮ್ಮ ಸ್ನೇಹಿತ್ರು ಹೇಳಿದ್ದು ನಿಜ. ಸ್ಟ್ರಟ್ಟು, ಅಂದ್ರೆ ಸ್ಪ್ರಿಂಗ್ ಕೂರೋ ಶಾಕ್ ಅಬ್ಸಾರ್ಬರ್ ಕಂಬ, ಅದೇ ಅಳತೆ, ಮೇಲಿನ ಮೌಂಟ್ ಅದೇ, ಕೆಳಗಿನ ತಟ್ಟೆ ಅದೇ, ಮೆಕ್ಯಾನಿಕ್ ಮಧ್ಯಾಹ್ನ ಊಟಕ್ಕೆ ಮುಂಚೆ ಕೆಲ್ಸ ಮುಗ್ಸಿ ಕಳಿಸ್ತಾನೆ. ಹಂಗೆ ಸಲೀಸಾಗಿ ಕೂರೋದ್ರಿಂದ್ಲೇ ಇಷ್ಟು ಜನ ಈ ತಪ್ಪು ಮಾಡೋದು. ನಟ್ಟು ಬೋಲ್ಟು ಹೊಂದ್ಕೊಂಡ ತಕ್ಷಣ ಸ್ಪ್ರಿಂಗೂ ಹೊಂದ್ಕೊಂಡ ಹಾಗಲ್ಲ. ಸ್ಪ್ರಿಂಗು ಹೊರೋದು ತೂಕನ, ಡಿಕ್ಕಿ ಮೇಲೆ ಬರ್ದಿರೋ ಹೆಸ್ರನ್ನಲ್ಲ, ಹಂಗಾಗಿ ನಿಮ್ಮ ಕಾರಿನ ಮುಂದಿನ ಚಕ್ರದ ಮೇಲೆ ಎಷ್ಟು ಕೆಜಿ ಕೂತಿದೆ ಅನ್ನೋದು ಗೊತ್ತಾಗೋವರೆಗೂ ದುಡ್ಡು ಕೊಡ್ಬೇಡಿ.

ಮೊದ್ಲು ತೂಕ ಎಲ್ಲಿಂದ ಬರುತ್ತೆ ನೋಡಿ. ನಿಮ್ಮ 1.5 ಟಿಡಿಐ ನಾಲ್ಕು ಸಿಲಿಂಡರಿನದ್ದು, ಬ್ಲಾಕು ಬೀಡು ಕಬ್ಬಿಣದ್ದು. ಡೀಸೆಲ್ ಇಂಜಿನ್ ಒಳಗೆ ಒತ್ತಡ ಜಾಸ್ತಿ, ಅದನ್ನ ತಡ್ಕೊಳ್ಳೋಕೆ ಕ್ರ್ಯಾಂಕು, ಕನೆಕ್ಟಿಂಗ್ ರಾಡು, ಪಿಸ್ಟನ್ನು ಎಲ್ಲಾ ದಪ್ಪ ಇರ್ಬೇಕು, ಜೊತೆಗೆ ಟರ್ಬೋ, ಇಂಟರ್‌ಕೂಲರ್, ಟಾರ್ಕ್ ತಡ್ಕೊಳ್ಳೋ ಗೇರ್‌ಬಾಕ್ಸು, ಭಾರದ ಫ್ಲೈವೀಲು, ದೊಡ್ಡ ಬ್ಯಾಟ್ರಿ. ಸ್ನೇಹಿತರ 1.2 ಪೆಟ್ರೋಲು ಮೂರೇ ಸಿಲಿಂಡರು, ಬ್ಲಾಕು ಅಲ್ಯೂಮಿನಿಯಂ, ಟರ್ಬೋನೂ ಇಲ್ಲ. ಬಾಡಿ ಒಂದೇ ಆದ್ರೂ ವೇರಿಯಂಟ್ ನೋಡ್ಕೊಂಡು ಡೀಸೆಲ್ ಪೋಲೋ 80ರಿಂದ 100 ಕೆಜಿ ಹತ್ರ ಜಾಸ್ತಿ ತೂಗುತ್ತೆ. ಮಾರುತಿ ಸ್ವಿಫ್ಟಲ್ಲೂ ಇದೇ ಕತೆ, ಕೆ ಸೀರೀಸ್ ಪೆಟ್ರೋಲು ಅಲ್ಯೂಮಿನಿಯಂ, 1.3 ಡಿಡಿಐಎಸ್ ಅಂದ್ರೆ ಫಿಯಟ್‌ನ ಮಲ್ಟಿಜೆಟ್ಟು ಬೀಡು ಕಬ್ಬಿಣ, ಅಲ್ಲೂ ವ್ಯತ್ಯಾಸ ಸುಮಾರು ಒಂದು ಕ್ವಿಂಟಾಲೇ.

ಇಲ್ಲಿ ಒಂದು ವಿಷ್ಯ ಬಹಳ ಜನ ಬಿಟ್ಬಿಡ್ತಾರೆ. ಆ ಹೆಚ್ಚುವರಿ 90 ಕೆಜಿ ನಾಲ್ಕು ಚಕ್ರಕ್ಕೂ ಸಮನಾಗಿ ಹಂಚ್ಕೊಳ್ಳಲ್ಲ. ಈ ತರ ಕಾರುಗಳಲ್ಲಿ ಇಂಜಿನ್ ಅಡ್ಡಡ್ಡ ಕೂತಿರುತ್ತೆ, ಮುಂದಿನ ಆಕ್ಸಲ್ ಗೆರೆ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಮುಂದಕ್ಕೇ. ಹಾಗಾಗಿ ಪೂರ್ತಿ ಭಾರ ಮುಂದಿನ ಎರಡು ಚಕ್ರದ ಮೇಲೇ ಬೀಳುತ್ತೆ, ಇಂಜಿನ್ ಆಕ್ಸಲ್‌ಗಿಂತ ಮುಂದಿದ್ರೆ ಏತದ ಮರದ ಹಾಗೆ ಹಿಂದಿನ ಚಕ್ರದ ಭಾರ ಒಂದಿಷ್ಟು ಕಮ್ಮಿನೇ ಆಗುತ್ತೆ. ಬಾನೆಟ್ ಮೇಲೆ ಒಬ್ಬ ದಢೂತಿ ಆಳನ್ನ ವರ್ಷಪೂರ್ತಿ ಕೂರಿಸ್ಕೊಂಡು ಓಡಾಡಿದ ಲೆಕ್ಕ.

ಈಗ ಲೆಕ್ಕಕ್ಕೆ ಬರೋಣ, ಗಾಬ್ರಿ ಆಗ್ಬೇಡಿ, ಕೂಡೋದು ಭಾಗಿಸೋದು ಅಷ್ಟೇ. ನಾನು ಹಿಡಿಯೋ ಅಂಕಿ ಉದಾಹರಣೆಗೆ, ನಿಮ್ಮ ಕಾರಿನ ನಿಜವಾದ ಅಂಕಿ ನೀವೇ ತೂಕ ಹಾಕ್ಸಿ ತಗೋಬೇಕು. ಪೆಟ್ರೋಲ್ ಕಾರಿನ ಮುಂದಿನ ಆಕ್ಸಲ್ ಮೇಲೆ 650 ಕೆಜಿ, ಡೀಸೆಲ್‌ದು 740 ಕೆಜಿ ಅಂತಿಟ್ಕೊಳ್ಳಿ. ಒಂದೊಂದು ಚಕ್ರಕ್ಕೆ 325 ಮತ್ತೆ 370. ಇದ್ರಲ್ಲಿ ಚಕ್ರ, ಟೈರು, ಬ್ರೇಕು, ಹಬ್ಬು ಇವೆಲ್ಲಾ ಸ್ಪ್ರಿಂಗಿನ ಕೆಳಗೆ ಇರೋವು, ಸ್ಪ್ರಿಂಗು ಅವನ್ನ ಹೊರಲ್ಲ, ಅದಕ್ಕೆ ಒಂದು ಕಡೆಗೆ 35 ಕೆಜಿ ಕಳೀರಿ. ಸ್ಪ್ರಿಂಗ್ ಮೇಲೆ ಉಳಿಯೋದು ಪೆಟ್ರೋಲಲ್ಲಿ 290, ಡೀಸೆಲಲ್ಲಿ 335. ಒಂದೊಂದು ಸ್ಪ್ರಿಂಗಿಗೆ 45 ಕೆಜಿ ವ್ಯತ್ಯಾಸ, 9.8ರಿಂದ ಗುಣ್ಸಿದ್ರೆ ನ್ಯೂಟನ್ ಲೆಕ್ಕದಲ್ಲಿ ಸುಮಾರು 441.

ಪೆಟ್ರೋಲ್ ಕಾರಿನ ಕಂಪನಿ ಸ್ಪ್ರಿಂಗು ಚಕ್ರದ ಹತ್ರ ಅಳೆದ್ರೆ ಒಂದು ಮಿಲಿಮೀಟರ್ ಅದುಮೋಕೆ 19 ನ್ಯೂಟನ್ ಬೇಕು ಅನ್ಕೊಳ್ಳಿ. ಅದೇ ಹಿತ ಡೀಸೆಲ್ ಕಾರಲ್ಲೂ ಬರ್ಬೇಕಂದ್ರೆ ಕಂಪನಿಯವ್ರು ಅಲ್ಲಿಗೆ 22 ಹಾಕ್ಬೇಕಾಗುತ್ತೆ, ತೂಕ ಏರಿದ ಪ್ರಮಾಣದಲ್ಲೇ ಗಟ್ಟಿ. ಎರಡ್ರಲ್ಲೂ ಕಾರು ಸೆಕೆಂಡಿಗೆ ಸುಮಾರು 1.29 ಸಲ ಮೇಲೆ ಕೆಳಗೆ ತೂಗಾಡುತ್ತೆ. ಈ ತೂಗಾಟದ ಲೆಕ್ಕಾನೇ ಸಸ್ಪೆನ್ಷನ್ನಿನ ಜೀವ, ಸಾಮಾನ್ಯ ಮನೆ ಕಾರುಗಳ ಮುಂಭಾಗ 1ರಿಂದ 1.5ರ ಒಳಗೆ ಇರುತ್ತೆ. ಈಗ ನಿಮ್ಮ ಸ್ನೇಹಿತರ ಲೋವರಿಂಗ್ ಸ್ಪ್ರಿಂಗು 24 ಅಂತಿಟ್ಕೊಳ್ಳಿ. ಅವ್ರ ಕಾರಲ್ಲಿ ಅದು 30 ಎಂಎಂ ಇಳ್ಸಿ 1.45ಕ್ಕೆ ಹೋಗುತ್ತೆ, ಸ್ವಲ್ಪ ಬಿಗಿ, ಸ್ವಲ್ಪ ಚುರುಕು, ಚೆನ್ನಾಗಿದೆ. ಅದನ್ನೇ ನಿಮ್ಮ ಕಾರಿಗೆ ಹಾಕಿದ್ರೆ 441ನ್ನ 24ರಿಂದ ಭಾಗ್ಸಿ, 18 ಎಂಎಂ ಬರುತ್ತೆ, ಅಂದ್ರೆ 30 ಅಂತ ಮಾರಿದ ಸ್ಪ್ರಿಂಗು ನಿಮ್ಮ ಕಾರಿನ ಮೂತಿನ 48 ಎಂಎಂ ಇಳ್ಸುತ್ತೆ. ಹಿಂದಿನ ಸ್ಪ್ರಿಂಗು ಮಾತ್ರ ಹೇಳಿದ ಹಾಗೆ 30ಕ್ಕೇ ನಿಲ್ಲುತ್ತೆ, ಯಾಕಂದ್ರೆ ಹಿಂದಿನ ತೂಕ ಎರಡೂ ಕಾರಲ್ಲಿ ಹೆಚ್ಚುಕಮ್ಮಿ ಒಂದೇ. ಕಾರು ನೆಲ ಮೂಸೋ ಹಂದಿ ತರ ತಲೆ ತಗ್ಗಿಸ್ಕೊಂಡು ನಿಂತಿರುತ್ತೆ.

ನೋಟದ ವಿಷ್ಯ ಬಿಡಿ, ಒಳಗೆ ಆಗೋದು ಇನ್ನೂ ಕೆಟ್ಟದ್ದು. ಕಾರು ಸುಮ್ನೆ ನಿಂತಾಗ ಬಂಪ್ ಸ್ಟಾಪಿಗೆ, ಅಂದ್ರೆ ಕೊನೇಲಿ ಹೊಡ್ತ ತಡೆಯೋ ರಬ್ಬರಿಗೆ, ತಗಲೋಕೆ ಮುಂಚೆ ಚಕ್ರಕ್ಕೆ ಮೇಲಕ್ಕೆ ಓಡೋಕೆ ಜಾಗ ಬೇಕಲ್ಲ, ಅದು ಕಂಪನಿ ಎತ್ತರದಲ್ಲಿ 65 ಎಂಎಂ ಇದ್ರೆ 48 ಇಳಿದ್ಮೇಲೆ ಉಳಿಯೋದು 17. ಜಾಗ ಕಾಲು ಭಾಗಕ್ಕೆ ಇಳೀತು, ಅದಕ್ಕೆ ಬದ್ಲಾಗಿ ಸ್ಪ್ರಿಂಗ್ ಎಷ್ಟು ಗಟ್ಟಿ ಆಯ್ತು? 22 ಇದ್ದದ್ದು 24, ಬರೀ 9 ಪರ್ಸೆಂಟು. ಗುಂಡಿ ಅಂತೂ ಅದೇ ಗುಂಡಿ. ಆವಾಗ ಪ್ರತಿ ಹೊಡ್ತಕ್ಕೂ ಕಾರು ರಬ್ಬರ್ ಸ್ಟಾಪಿನ ಮೇಲೆ ಹೋಗಿ ಕೂರುತ್ತೆ, ಅಲ್ಲಿಂದ ಮುಂದೆ ಆ ರಬ್ಬರೇ ನಿಮ್ಮ ಸ್ಪ್ರಿಂಗು. ಜನ ಬಂದು "ಸ್ಪ್ರಿಂಗು ತುಂಬಾ ಹಾರ್ಡ್ ಸರ್, ಕುಕ್ಕುತ್ತೆ" ಅಂತಾರೆ. ನಿಜಕ್ಕೂ ಆಗಿರೋದು ಉಲ್ಟಾ, ಆ ತೂಕಕ್ಕೆ ಸ್ಪ್ರಿಂಗು ಸಾಫ್ಟು. ಇದೊಂದು ಅರ್ಥ ಆದ್ರೆ ಈ ವಿಷ್ಯದಲ್ಲಿ ಮುಕ್ಕಾಲು ಪಾಲು ಅರ್ಥ ಆದ ಹಾಗೆ. ಬಹಳ ಇಳಿಸ್ಬೇಕು ಅನ್ನೋರಿಗೆ ಗಟ್ಟಿ ಸ್ಪ್ರಿಂಗ್ ಬೇಕೇ ಬೇಕು, ಓಡೋ ಜಾಗ ಕಮ್ಮಿ ಆದಷ್ಟೂ ಕಮ್ಮಿ ದೂರದಲ್ಲೇ ಅದೇ ಹೊಡ್ತನ ನುಂಗ್ಬೇಕಲ್ಲ.

ಹಿಂಗೇ ಆದ ಒಂದು ಸ್ವಿಫ್ಟ್ ಡೀಸೆಲ್ ನನ್ನ ಹತ್ರ ಬಂದಿತ್ತು, ತುಮಕೂರು ಕಡೆಯ ಹುಡ್ಗನದ್ದು. ಎಲ್ಲೋ ಒಂದು ಅಂಗಡೀಲಿ ಪೆಟ್ರೋಲ್ ಸೆಟ್ ಹಾಕಿ ಕಳ್ಸಿದ್ರು. ಆರೇ ತಿಂಗಳಲ್ಲಿ ಎರಡೂ ಸ್ಟ್ರಟ್ ಆಯಿಲ್ ಕಾರಿತ್ತು, ಮೇಲಿನ ಮೌಂಟಿನ ರಬ್ಬರು ಹರಿದು ಬೇರಿಂಗು ಕಟಕಟ ಅಂತಿತ್ತು, ಇಂಜಿನ್ ತಳದ ಆಯಿಲ್ ಚೇಂಬರಿಗೆ ಹಂಪು ತಗಲಿ ಉಜ್ಜಿದ ಗುರುತು. ಆ ಹುಡ್ಗ ಸ್ಪ್ರಿಂಗಲ್ಲಿ ಉಳ್ಸಿದ್ದಕ್ಕಿಂತ ಎಷ್ಟೋ ಜಾಸ್ತಿ ಸ್ಟ್ರಟ್ಟಿಗೆ ಸುರಿದ. ಅವ್ನ ಮುಖ ನೋಡಿದ್ಮೇಲೆ ನಾನು ತೂಕದ ಚೀಟಿ ಇಲ್ದೆ ಯಾರಿಗೂ ಸ್ಪ್ರಿಂಗ್ ಹೇಳೋದು ಬಿಟ್ಟೆ.

ಉಲ್ಟಾ ಕೇಸೂ ಇದೆ, ಡೀಸೆಲ್‌ದು ಪೆಟ್ರೋಲಿಗೆ ಹಾಕೋದು. ಡೀಸೆಲಿಗೆ ಅಂತ್ಲೇ ಮಾಡಿದ 30 ಎಂಎಂ ಸ್ಪ್ರಿಂಗು 28 ಅಂತಿಟ್ಕೊಳ್ಳಿ, ಹಗುರದ ಪೆಟ್ರೋಲ್ ಕಾರಲ್ಲಿ ಅದು 16 ಎಂಎಂ ಮೇಲಕ್ಕೆ ನಿಲ್ಲುತ್ತೆ, ಇಳಿಯೋದು 14 ಮಾತ್ರ, ತೂಗಾಟ 1.56ಕ್ಕೆ ಏರುತ್ತೆ. ಬಂಪ್ ಸ್ಟಾಪಿಗೆ ಹೊಡೆಯಲ್ಲ, ಚೇಂಬರ್ ಒಡೆಯಲ್ಲ, ಆ ಮಟ್ಟಿಗೆ ಕ್ಷೇಮ. ಆದ್ರೆ ಮೂತಿ ಎತ್ತರ ಬಾಲ ತಗ್ಗು, ಮುಂದೆ ಬಿಗಿ ಹಿಂದೆ ಸಡ್ಲ, ತಿರುವಲ್ಲಿ ಸ್ಟೇರಿಂಗ್ ತಿರುಗ್ಸಿದ್ರೂ ಕಾರು ಹೊರಕ್ಕೆ ತಳ್ಕೊಂಡು ಹೋಗೋದು ಜಾಸ್ತಿ. ಹಿಂದಿನ ಸ್ಪ್ರಿಂಗು ಮುಂದಿನದಕ್ಕಿಂತ ಒಂಚೂರು ಚುರುಕಾಗಿ ತೂಗಿದ್ರೆ ಮಾತ್ರ ಹಂಪು ದಾಟಿದ್ಮೇಲೆ ಕಾರು ಮುಂದೆ ಹಿಂದೆ ಜೋಕಾಲಿ ಆಡ್ದೆ ಸಮನಾಗಿ ಇಳಿಯುತ್ತೆ, 1930ರ ದಶಕದಲ್ಲೇ ಜನರಲ್ ಮೋಟಾರ್ಸಲ್ಲಿ ಮಾರಿಸ್ ಆಲಿ ಅನ್ನೋ ಇಂಜಿನಿಯರ್ ಇದನ್ನ ಪ್ರಯೋಗ ಮಾಡಿ ತೋರ್ಸಿದ್ರು. ಮುಂದಿನದನ್ನ ಮನಸ್ಸಿಗೆ ಬಂದ ಹಾಗೆ ಬದಲಾಯ್ಸಿದ್ರೆ ಆ ಹೊಂದಾಣಿಕೆ ಮೊದ್ಲು ಹಾಳಾಗೋದು.

ಒಳ್ಳೆ ಕಂಪನಿಗಳು ಇದನ್ನ ಹೆಂಗೆ ನಿಭಾಯಿಸ್ತಾವೆ ಅಂತ ಹೇಳ್ತೀನಿ. ಜರ್ಮನಿಯ ಐಬಾಕ್, ಎಚ್ ಅಂಡ್ ಆರ್ ತರದವ್ರ ಪಟ್ಟಿ ತೆಗೆದು ನೋಡಿ, ಒಂದೇ ಕಾರಿಗೆ ಎರಡು ಮೂರು ಪಾರ್ಟ್ ನಂಬರ್ ಇರುತ್ತೆ, ಪಕ್ಕದಲ್ಲಿ ಮುಂದಿನ ಆಕ್ಸಲ್ ಇಷ್ಟು ಕೆಜಿವರೆಗೆ, ಇಷ್ಟು ಕೆಜಿ ಮೇಲ್ಪಟ್ಟು ಅಂತ ಬರ್ದಿರ್ತಾರೆ. ಇಂಜಿನ್ ಹೆಸ್ರಿಗಿಂತ ಆ ಕೆಜಿ ಮುಖ್ಯ. ಆದ್ರೆ ಇಲ್ಲೇ ಒಂದು ಗುಂಡಿ ಇದೆ, ಓದಿರೋರೂ ಬೀಳ್ತಾರೆ: ಆ ಪಟ್ಟಿಯ ಕೆಜಿ ಅನ್ನೋದು ಕಾರಿನ ಖಾಲಿ ತೂಕ ಅಲ್ಲ, ಆ ಆಕ್ಸಲ್ ಮೇಲೆ ಹೊರಿಸ್ಬಹುದಾದ ಗರಿಷ್ಠ ಭಾರ. ಜರ್ಮನಿಯಲ್ಲಿ ಅದು ಗಾಡಿಯ ನೋಂದಣಿ ಪತ್ರದಲ್ಲೇ 8.1, 8.2 ಅನ್ನೋ ಕಾಲಂನಲ್ಲಿ ಇರುತ್ತೆ, ಬಾಗಿಲ ಹತ್ರದ ಪ್ಲೇಟಲ್ಲೂ 1, 2 ಅಂತ ಆಕ್ಸಲ್ ಸಂಖ್ಯೆ ಮುಂದೆ ಕೆತ್ತಿರುತ್ತೆ. ನಮ್ಮ ಆರ್‌ಸೀಲಿ ಕಾರಿಗೆ ಬರೋದು ಖಾಲಿ ತೂಕ, ಒಟ್ಟು ತೂಕ ಅಷ್ಟೇ. ಹಾಗಾಗಿ ಲಾರಿ ತೂಗೋ ವೇ ಬ್ರಿಡ್ಜಲ್ಲಿ 740 ಬಂತು ಅಂತ ಪಟ್ಟೀಲಿ "850ರವರೆಗೆ" ಅನ್ನೋದನ್ನ ಆರ್ಡರ್ ಮಾಡಿದ್ರೆ ತಪ್ಪಾಗ್ಬಹುದು, ನಿಮ್ಮ ಡೀಸೆಲ್‌ನ ಗರಿಷ್ಠ ಭಾರ ಅದಕ್ಕಿಂತ ಮೇಲಿರ್ಬಹುದು. ಪ್ಲೇಟ್ ಇದ್ರೆ ಪ್ಲೇಟ್ ನೋಡಿ ಪಟ್ಟಿಗೆ ಹೋಲ್ಸಿ, ಇಲ್ದಿದ್ರೆ ತೂಕದ ಚೀಟಿ ಜೊತೆ ಕಂಪನಿಗೇ ಬರ್ದು ಇದು ಖಾಲಿ ತೂಕ ಅಂತ ಸ್ಪಷ್ಟವಾಗಿ ಹೇಳಿ ಕೇಳಿ. ಕಂಪನಿ ಸ್ಪ್ರಿಂಗ್ ಮೇಲೆ ಬಣ್ಣದ ಚುಕ್ಕೆ ಇರುತ್ತಲ್ಲ, ಅದೂ ಇದೇ ಲೆಕ್ಕ, ಫ್ಯಾಕ್ಟ್ರೀಲೇ ಇಂಜಿನ್ನು ಗೇರ್‌ಬಾಕ್ಸು ಏಸಿ ಎಲ್ಲಾ ನೋಡಿ ಯಾವ ತೂಕದ ಗುಂಪು ಅಂತ ಗುರ್ತು ಹಾಕಿರ್ತಾರೆ. ಬಿಚ್ಚೋವಾಗ ಆ ಚುಕ್ಕೆ ಫೋಟೋ ಹೊಡ್ಕೊಂಡು ಇಟ್ಕೊಳ್ಳಿ.

ತೂಕ ಹಾಕ್ಸೋದು ಸುಲಭ. ಎಪಿಎಂಸಿ ಹತ್ರ, ಸಕ್ಕರೆ ಕಾರ್ಖಾನೆ ದಾರೀಲಿ ವೇ ಬ್ರಿಡ್ಜ್ ಇದ್ದೇ ಇರುತ್ತೆ, ಲಾರಿ ರಶ್ ಇಲ್ದಾಗ ಹೋಗಿ. ನೆಲದ ಮಟ್ಟಕ್ಕೇ ಪ್ಲಾಟ್‌ಫಾರಂ ಇರೋದನ್ನ ಆರಿಸ್ಕೊಳ್ಳಿ, ಏರು ಇರೋದ್ರಲ್ಲಿ ಕಾರು ವಾಲಿ ತೂಕ ತಪ್ಪು ಬರುತ್ತೆ. ಟ್ಯಾಂಕು ಅರ್ಧಕ್ಕಿಂತ ಮೇಲೆ, ಸ್ಟೆಪ್ನಿ ಒಳಗೆ, ನೀವು ಸೀಟಲ್ಲಿ. ಮೊದ್ಲು ಮುಂದಿನ ಎರಡು ಚಕ್ರ ಮಾತ್ರ ಹತ್ಸಿ ಬ್ರೇಕ್ ಬಿಟ್ಟು ನಿಲ್ಸಿ ಒಂದು ಚೀಟಿ, ಆಮೇಲೆ ಪೂರ್ತಿ ಕಾರು ಹತ್ಸಿ ಇನ್ನೊಂದು, ಕೊನೇಲಿ ಹಿಂದಿನದು ಮಾತ್ರ. ಮುಂದಿಂದು ಹಿಂದಿಂದು ಕೂಡಿದ್ರೆ ಒಟ್ಟಿಗೆ ಹತ್ರ ಬರ್ಬೇಕು, ಲಾರಿ ತೂಗೋ ಯಂತ್ರ ಆದ್ದರಿಂದ ಐದು ಹತ್ತು ಕೆಜಿ ಆಚೀಚೆ ಇರ್ಬಹುದು. ಡಿಕ್ಕೀಲಿ ಸಿಎನ್‌ಜಿ ಸಿಲಿಂಡರ್ ಇರೋರು, ದೊಡ್ಡ ಸಬ್‌ವೂಫರ್ ಬಾಕ್ಸ್ ಇರೋರು ಹಿಂದಿನ ಚೀಟಿನ ಇದೇ ತರ ಗಮನ ಕೊಟ್ಟು ನೋಡ್ಬೇಕು, ಅವ್ರಿಗೆ ತೊಂದ್ರೆ ಹಿಂದುಗಡೆ.

ಇನ್ನೊಂದು ದೊಡ್ಡ ವಿಷ್ಯ, ಇಂಡಿಯಾ ಕಾರಿನ ಎತ್ತರ. ಪುಣೆ ಹತ್ರದ ಚಾಕಣ್‌ನಲ್ಲಿ ತಯಾರಾಗ್ತಿದ್ದ ನಮ್ಮ ಪೋಲೋದ ಗ್ರೌಂಡ್ ಕ್ಲಿಯರೆನ್ಸು 165 ಎಂಎಂ ಆಸುಪಾಸು, ನಮ್ಮ ರಸ್ತೆಗೆ ಅಂತ್ಲೇ ಎತ್ತರ ಮಾಡಿ ಕೊಟ್ಟಿದ್ದು. ಯುರೋಪಿನ ಕಾರು ಇದಕ್ಕಿಂತ ತಗ್ಗು. ಅಲ್ಲಿಯ ಡಬ್ಬದ ಮೇಲೆ 30 ಎಂಎಂ ಅಂತಿದ್ರೆ ಅದು ಅಲ್ಲಿಯ ಎತ್ತರದಿಂದ 30. ನಮ್ಮ ಎತ್ತರದಿಂದ ಅಳೆದ್ರೆ ಇನ್ನೂ ಜಾಸ್ತಿ ಇಳಿಯುತ್ತೆ. ಇದ್ರ ಮೇಲೆ ತಪ್ಪು ಇಂಜಿನ್ನಿನ ಸ್ಪ್ರಿಂಗೂ ಸೇರ್ಕೊಂಡ್ರೆ ಎರಡೂ ತಪ್ಪು ಒಂದೇ ದಿಕ್ಕಿಗೆ ಕೂಡ್ಕೊಳ್ಳುತ್ತೆ. ಇಂಪೋರ್ಟೆಡ್ ಸೆಟ್ ತಗೊಳ್ಳೋರು ಇಂಡಿಯಾ ಸ್ಪೆಕ್ ಕಾರಲ್ಲಿ ಎಷ್ಟು ಇಳಿದಿದೆ ಅಂತ ಹಾಕ್ಸಿರೋರ ಕಾರು ಅಳೆದೇ ತಿಳ್ಕೋಬೇಕು, ಡಬ್ಬ ನಂಬಬಾರ್ದು.

ಹಂಪಿನ ಲೆಕ್ಕನೂ ಕೇಳಿ, ನಂಗೆ ಇದು ಬಹಳ ಇಷ್ಟದ ಲೆಕ್ಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಹಂಪು 3.7 ಮೀಟರ್ ಅಗಲ, ಮಧ್ಯ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಸಣ್ಣ ಬಾಗು ಇರ್ಬೇಕು. ಪೋಲೋದ ಎರಡು ಆಕ್ಸಲ್ ಮಧ್ಯೆ ಸುಮಾರು 2.47 ಮೀಟರು. ಅಷ್ಟು ಉದ್ದದ ಕಾರು ಅಂಥ ಹಂಪಿನ ನೆತ್ತಿ ಮೇಲೆ ನಿಂತ್ರೆ ಹೊಟ್ಟೆ ಕೆಳಗೆ ಬೇಕಾಗೋ ಜಾಗ 45 ಎಂಎಂ ಮಾತ್ರ. ಅಂದ್ರೆ ನಿಯಮದ ಹಂಪಿನ ಮೇಲೆ ಇಳಿಸಿದ ಕಾರೂ ಆರಾಮಾಗಿ ಹೋಗುತ್ತೆ. ಆದ್ರೆ ನಮ್ಮೂರ ಮನೆ ಮುಂದೆ ರಾತ್ರೋರಾತ್ರಿ ಹಾಕೋ ಕಾಂಕ್ರೀಟ್ ದಿಂಡು ಒಂದು ಮಾರು ಅಗಲನೂ ಇರಲ್ಲ, ಅದು ಪೂರ್ತಿ ಎರಡು ಆಕ್ಸಲ್ ಮಧ್ಯೆ ಸಿಕ್ಕಾಕೊಳ್ಳುತ್ತೆ, ಅದ್ರ ಎತ್ತರ ಎಷ್ಟೋ ಅಷ್ಟೂ ನಿಮ್ಮ ಹೊಟ್ಟೆ ಕೆಳಗೆ ಬೇಕು. 165ರಲ್ಲಿ 48 ಹೋದ್ರೆ ಮುಂದೆ 117, ಅದ್ರಲ್ಲಿ ಇಂಜಿನ್ ಗಾರ್ಡ್ ದಪ್ಪ ಕಳೀರಿ, ಬ್ರೇಕ್ ಹಿಡಿದಾಗ ಮೂತಿ ಅದುಮೋದು ಕಳೀರಿ. ಹೈವೇ 48ರಲ್ಲಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗೋವಾಗ ಏನೂ ಗೊತ್ತಾಗಲ್ಲ, ಸರ್ವಿಸ್ ರೋಡಿಗೆ ಇಳಿದ ಮೇಲೆ ಗೊತ್ತಾಗುತ್ತೆ.

ಶಾಕ್ ಅಬ್ಸಾರ್ಬರ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ಲೇಬೇಕು. ಸ್ಪ್ರಿಂಗು ಗಟ್ಟಿ ಆದಷ್ಟೂ, ತೂಕ ಏರಿದಷ್ಟೂ ಅದನ್ನ ಹಿಡಿದು ನಿಲ್ಸೋಕೆ ಶಾಕಿನ ಶಕ್ತಿನೂ ಏರ್ಬೇಕು, ಎರಡನ್ನ ಗುಣ್ಸಿ ವರ್ಗಮೂಲ ತೆಗೆದ್ರೆ ಲೆಕ್ಕ ಸಿಗುತ್ತೆ. ನಿಮ್ಮ ಡೀಸೆಲ್ ಶಾಕು ಹೊಸದಾಗಿದ್ರೆ 22ರಿಂದ 28ರ ಸ್ಪ್ರಿಂಗಿಗೆ ಹೋದಾಗ ಸುಮಾರು 13 ಪರ್ಸೆಂಟ್ ಹೆಚ್ಚು ಬೇಕು, ಅಷ್ಟನ್ನ ಒಳ್ಳೆ ಸ್ಥಿತೀಲಿರೋ ಶಾಕು ಹೆಂಗೋ ನಿಭಾಯ್ಸುತ್ತೆ. ಅದೇ ಯಾರೋ ಪೆಟ್ರೋಲ್ ಸ್ಟ್ರಟ್ ಕೂಡ ಸೆಟ್ಟಲ್ಲೇ ಕೊಡ್ತೀನಿ ಅಂದ್ರೆ ಬೇಡ ಅನ್ನಿ, ಅದ್ರ ಲೆಕ್ಕದಿಂದ ನೋಡಿದ್ರೆ 30 ಪರ್ಸೆಂಟ್ ಜಾಸ್ತಿ ಬೇಕಾಗುತ್ತೆ, ಕಾರು ಗುಂಡಿ ದಾಟಿದ್ಮೇಲೂ ಕುಣೀತಾ ಇರುತ್ತೆ. 2016ರ ಕಾರು, 60-70 ಸಾವಿರ ಓಡಿದ್ರೆ ಶಾಕು ಹೆಂಗೂ ಸವೆದಿರುತ್ತೆ. ಹಳೇ ಶಾಕಿಗೆ ಹೊಸ ಲೋವರಿಂಗ್ ಸ್ಪ್ರಿಂಗ್ ಹಾಕೋದು ನನ್ನ ಮನಸ್ಸಿಗೆ ಒಪ್ಪಲ್ಲ, ಎರಡು ತಿಂಗಳು ತಡ ಆದ್ರೂ ಪರ್ವಾಗಿಲ್ಲ ಎರಡೂ ಒಟ್ಟಿಗೆ ಮಾಡ್ಸಿ, ಬಿಚ್ಚೋ ಕೂಲಿ ಒಂದೇ ಸಲ ಬೀಳುತ್ತೆ.

ಕೆಲವ್ರು ಇನ್ನೊಂದು ದಾರಿ ಹೇಳ್ತಾರೆ, ಯಾಕೆ ಸ್ಪ್ರಿಂಗ್ ಕೊಳ್ತೀರಾ, ಇರೋದ್ರಲ್ಲೇ ಒಂದು ಸುತ್ತು ಕಟ್ ಮಾಡ್ಸಿ ಅಂತ. ಕಟ್ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗೋದು ನಿಜ, ಕೆಲ್ಸ ಮಾಡೋ ಸುತ್ತು ಐದೂವರೆ ಇದ್ದದ್ದು ನಾಲ್ಕೂವರೆ ಆದ್ರೆ 22 ಪರ್ಸೆಂಟ್ ಏರುತ್ತೆ. ಆದ್ರೆ ತುದಿ ತಟ್ಟೇಲಿ ಸರಿಯಾಗಿ ಕೂರಲ್ಲ, ಮೇಲಾಗಿ ಚಕ್ರ ಗಾಳೀಲಿ ನೇತಾಡಿದಾಗ ಸ್ಪ್ರಿಂಗ್ ಸಡ್ಲ ಆಗಿ ತನ್ನ ಜಾಗದಿಂದ ಕದಲ್ಬಹುದು, ಅದು ಜೀವಕ್ಕೆ ಅಪಾಯ. ಗ್ಯಾಸ್ ಕಟರಲ್ಲಿ ಕಾಯ್ಸಿ ಕೂರ್ಸೋದಂತೂ ಬೇಡವೇ ಬೇಡ, ಉಕ್ಕಿಗೆ ಫ್ಯಾಕ್ಟ್ರೀಲಿ ಕೊಟ್ಟ ಹದ ಅಲ್ಲಿಗೇ ಸತ್ತುಹೋಗುತ್ತೆ. ಸರಿಯಾದ ಲೋವರಿಂಗ್ ಸ್ಪ್ರಿಂಗಲ್ಲಿ ಒಂದು ತುದಿ ಸುತ್ತು ಹತ್ರ ಹತ್ರ ಇರುತ್ತಲ್ಲ, ಅದು ಇರೋದೇ ಚಕ್ರ ನೇತಾಡಿದಾಗ ಸ್ಪ್ರಿಂಗನ್ನ ಬಿಗಿಯಾಗಿ ಹಿಡಿಯೋಕೆ. ಅಲ್ಲೂ ತೂಕದ ಮಾತು ಬರುತ್ತೆ ನೋಡಿ: ಹಗುರ ಇಂಜಿನ್ನಿಗೆ ಮಾಡಿದ ಪ್ರೋಗ್ರೆಸ್ಸಿವ್ ಸ್ಪ್ರಿಂಗನ್ನ ಭಾರದ ಕಾರಿಗೆ ಹಾಕಿದ್ರೆ ಆ ಮೃದು ಸುತ್ತುಗಳೆಲ್ಲಾ ನಿಂತಲ್ಲೇ ಒಂದಕ್ಕೊಂದು ಅಂಟ್ಕೊಂಡು ಬಿಡ್ತಾವೆ, ಮೊದ್ಲು ಮೆತ್ತಗೆ ಆಮೇಲೆ ಗಟ್ಟಿ ಅನ್ನೋ ಆಟ ಹೋಗಿ ಬರೀ ಗಟ್ಟಿ ಭಾಗ ಉಳಿಯುತ್ತೆ. ಸ್ಪ್ರಿಂಗ್ ಕೈಲಿ ಹಿಡ್ಕೊಂಡು ನೋಡೋವಾಗ ತಂತಿ ದಪ್ಪನೂ ಅಳೀರಿ. ಗಟ್ಟಿತನ ದಪ್ಪದ ನಾಲ್ಕನೇ ಘಾತದಲ್ಲಿ ಏರೋದು, ಬೇರೆಲ್ಲಾ ಒಂದೇ ಇದ್ದು 12 ಎಂಎಂ ತಂತಿ 12.5 ಆದ್ರೆ ಸುಮಾರು 18 ಪರ್ಸೆಂಟ್ ಗಟ್ಟಿ. ಕಣ್ಣಿಗೆ ಕಾಣಲ್ಲ, ವರ್ನಿಯರಿಗೆ ಕಾಣುತ್ತೆ.

ಕಾನೂನಿನ ಮಾತು ಎರಡೇ ಸಾಲು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಸ್ಪೆಸಿಫಿಕೇಷನ್ನಿಗೆ ವಿರುದ್ಧವಾಗಿ ಗಾಡಿ ಬದಲಾಯ್ಸೋ ಹಾಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಕೇರಳದ ಕೇಸಲ್ಲಿ ಅದನ್ನೇ ಗಟ್ಟಿ ಮಾಡಿ ಹೇಳಿದೆ, ಅದೇ ವರ್ಷದ ತಿದ್ದುಪಡೀಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಇಲ್ಲಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಬಂದಿದೆ. ಅಪಘಾತ ಆದಾಗ ಇನ್ಶೂರೆನ್ಸ್‌ನೋರು ಕೂಡ ಇದನ್ನ ಎತ್ತಬಹುದು. ಗೊತ್ತಿದ್ದು ನಿರ್ಧಾರ ಮಾಡಿ ಅಂತ ಹೇಳ್ತಿದೀನಿ.

ಈಗ ನಿಮ್ಮಿಬ್ರ ವಿಷ್ಯ. ಸ್ನೇಹಿತರ ಸೆಟ್ ನಿಮಗೆ ಬೇಡ. ನಿಮ್ಮ ತಮ್ಮನಿಗೆ ಆಗ್ಬಹುದು, 1.0 ಟಿಎಸ್‌ಐ ಕೂಡ ಮೂರು ಸಿಲಿಂಡರಿನ ಅಲ್ಯೂಮಿನಿಯಂ ಇಂಜಿನ್ನೇ, ಟರ್ಬೋ ಇರೋದ್ರಿಂದ 1.2ಕ್ಕಿಂತ ಸ್ವಲ್ಪ ಭಾರ, ಆಟೋಮ್ಯಾಟಿಕ್ ಆದ್ರೆ ಇನ್ನೊಂಚೂರು. ಅವ್ನು ತೂಕ ಹಾಕ್ಸ್ಲಿ, ಸ್ನೇಹಿತ್ರೂ ಹಾಕ್ಸ್ಲಿ, ಮುಂದಿನ ಆಕ್ಸಲ್ ವ್ಯತ್ಯಾಸ 20-30 ಕೆಜಿ ಒಳಗಿದ್ರೆ ಮೂತಿ ಐದಾರು ಎಂಎಂ ಹೆಚ್ಚು ಇಳೀಬಹುದು, ಅಷ್ಟೇ. ತಗೊಳ್ಳೋಕೆ ಮುಂಚೆ ಸ್ಪ್ರಿಂಗ್ ಮೇಲಿನ ಪಾರ್ಟ್ ನಂಬರ್ ಅಳಿಸಿಹೋಗಿಲ್ಲ ತಾನೇ, ಕೋಟಿಂಗ್ ಎದ್ದು ತುಕ್ಕು ಹಿಡ್ದಿಲ್ಲ ತಾನೇ ನೋಡ್ಲಿ, ತುಕ್ಕು ಹಿಡಿದ ಜಾಗದಿಂದ್ಲೇ ಸ್ಪ್ರಿಂಗ್ ಮುರಿಯೋದು. ನಂಬರ್ ಓದೋಕೆ ಬರ್ದಿದ್ರೆ ಅದು ಯಾವ ತೂಕದ ಸ್ಪ್ರಿಂಗು ಅಂತ ಹೇಳೋಕೆ ಯಾರಿಂದ್ಲೂ ಆಗಲ್ಲ, ಫ್ರೀ ಕೊಟ್ರೂ ಬೇಡ.

ನೀವು ಡೀಸೆಲ್‌ನ ಮುಂದಿನ ಆಕ್ಸಲ್ ಭಾರಕ್ಕೆ ಅಂತ್ಲೇ ಇರೋ ಪಾರ್ಟ್ ನಂಬರ್ ಹುಡುಕಿ. ದಾವಣಗೆರೆಯ ರಸ್ತೆ, ಮನೆಮಂದಿ ಕೂತು ಓಡಾಡೋ ಕಾರು ಅಂದ್ರೆ ನಿಮ್ಮ ಈಗಿನ ಎತ್ತರದಿಂದ 20-25 ಎಂಎಂ ಇಳಿದ್ರೆ ಸಾಕು, ಚಕ್ರಕ್ಕೂ ಫೆಂಡರಿಗೂ ಇರೋ ಆ ದೊಡ್ಡ ಗ್ಯಾಪ್ ಮುಚ್ಚುತ್ತೆ, ಬಂಪ್ ಸ್ಟಾಪಿಗೆ 40 ಎಂಎಂ ಜಾಗ ಉಳಿಯುತ್ತೆ. 40 ಇಳಿಸ್ಬೇಕು ಅನ್ನೋ ಆಸೆ ಇದ್ರೆ ಕುಳ್ಳ ಸ್ಟ್ರೋಕಿನ ಶಾಕ್ ಜೊತೆ ಪೂರ್ತಿ ಕಿಟ್ ಹಾಕ್ಸಿ, ಬರೀ ಸ್ಪ್ರಿಂಗಲ್ಲಿ ಬೇಡ. ಫಿಟ್ ಮಾಡ್ಸೋವಾಗ ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇರೋ ಕಡೆ ಮಾತ್ರ ಹೋಗಿ, ಅದುಮಿದ ಸ್ಪ್ರಿಂಗ್ ಜಾರಿದ್ರೆ ಕೈ ಮುರಿಯುತ್ತೆ. ಲೋವರ್ ಆರ್ಮಿನ ಬುಶ್ ಬೋಲ್ಟನ್ನ ಕಾರು ನೆಲದ ಮೇಲೆ ತನ್ನ ಭಾರದಲ್ಲಿ ನಿಂತಾಗ ಕೊನೇ ಟೈಟ್ ಮಾಡೋಕೆ ಹೇಳಿ, ಜ್ಯಾಕ್ ಮೇಲೆ ನೇತಾಡ್ತಿರೋವಾಗ ಟೈಟ್ ಮಾಡಿದ್ರೆ ರಬ್ಬರ್ ತಿರುಚ್ಕೊಂಡೇ ಇದ್ದು ಬೇಗ ಹರಿಯುತ್ತೆ. ಮುಂಚೆ ಮತ್ತೆ ಆಮೇಲೆ ಎತ್ತರ ಅಳೀರಿ, ನೆಲದಿಂದ ಬೇಡ, ಚಕ್ರದ ನಡುಮಧ್ಯದಿಂದ ಫೆಂಡರ್ ಅಂಚಿಗೆ, ಟೈರ್ ಗಾಳಿ ಹೆಚ್ಚುಕಮ್ಮಿ ಆದ್ರೂ ಲೆಕ್ಕ ಕೆಡಲ್ಲ. ಮೊದಲ ಕೆಲವು ನೂರು ಕಿಲೋಮೀಟರಲ್ಲಿ ಸ್ಪ್ರಿಂಗು ಇನ್ನೊಂದೆರಡು ಎಂಎಂ ಕೂರುತ್ತೆ, ಫಿಟ್ ಮಾಡಿದ ದಿನ ಒಂದ್ಸಲ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ನೋಡ್ಸಿ, ಕೂತ ಮೇಲೆ ಪೂರ್ತಿ ಅಲೈನ್ಮೆಂಟ್ ಮಾಡ್ಸಿ, ಹೆಡ್‌ಲೈಟಿನ ಬೀಮೂ ಆಗ್ಲೇ ಸರಿ ಮಾಡ್ಸಿ.

ಮುಂದಿಂದು, ಒಟ್ಟು, ಹಿಂದಿಂದು, ಮೂರೂ ತೂಕದ ಚೀಟಿ, ಜೊತೆಗೆ ಈಗಿರೋ ಸ್ಪ್ರಿಂಗಿನ ಬಣ್ಣದ ಚುಕ್ಕೆ ಫೋಟೋ ಕಳ್ಸಿ. ನೋಡ್ಬಿಟ್ಟು ಯಾವ ಗಟ್ಟಿತನದ ಸ್ಪ್ರಿಂಗು ನಿಮ್ಮ ಕಾರಿಗೆ ಹೊಂದುತ್ತೆ ಅಂತ ಅಂಕಿ ಸಮೇತ ಹೇಳ್ತೀನಿ, ಅಲ್ಲಿವರೆಗೂ ಸ್ನೇಹಿತ್ರಿಗೆ ಅಡ್ವಾನ್ಸ್ ಕೊಡ್ಬೇಡಿ.